ಮಳೆಯನ್ನು ಸಾಲಿನಲ್ಲಿ ನಿಲ್ಲಿಸಿದ ಮಾವ

ಕಕ್ಕಬೆಯ ಮಳೆಗೆ ಹೆದರದವರುಂಟು, ಕಾಡಾನೆಗೆ ಹೆದರದವರೂ ಉಂಟು. ನನ್ನ ಸೋದರಮಾವನ ಚಾಕ್‌ಪೀಸಿಗೆ ಹೆದರದವರನ್ನು ಮಾತ್ರ ನಾನು ಕಂಡಿಲ್ಲ! ಎಲ್ಲಾದರೂ ನಾಲ್ಕು ಅಂಕಿ ಅಡ್ಡಾದಿಡ್ಡಿ ಬಿದ್ದಿದ್ದರೆ ಸಾಕು, ಅವರ ಕೈ ತುರಿಸುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ರಾಜ್ಯ ಯಾವುದಾದರೇನು, ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತು "ಊಟ ಆಯ್ತಾ?" ಅಲ್ಲ, "ನಿಮ್ಮಲ್ಲಿ ಎಷ್ಟು?" ಎಷ್ಟು ಇಂಚು ಮಳೆ ಅಂತ! ಕಾಫಿ ತೋಟವಿದ್ದ ಮನೆಯ ಅಂಗಳದಲ್ಲೆಲ್ಲ ಮಳೆ ಅಳೆಯುವ ಡಬ್ಬಿ. ಮಾವನ ಮನೆಯಲ್ಲಿ ಅದು ಅತ್ತೆಯ ಅಧಿಕಾರ. ಬೆಳಿಗ್ಗೆ ಮಳೆಗೆ ಓಲೆಯ ಗೊರಬೆ ಹೊದ್ದು ಅಂಗಳಕ್ಕಿಳಿದು, ಡಬ್ಬಿಯ ನೀರನ್ನು ಗೆರೆ ಇದ್ದ ಗಾಜಿನ ಲೋಟಕ್ಕೆ ಸುರಿದು ಕೂಗುತ್ತಿದ್ದರು: "ಎರಡು ಇಂಚು, ನಲವತ್ತು ಸೆಂಟು!" ಇಂಚಿಗೆ ನೂರು ಸೆಂಟಿನ ಲೆಕ್ಕ. ಮಾವ ಅದನ್ನು ಕಾಫಿ ಗೋದಾಮಿನ ಕಪ್ಪು ಬಾಗಿಲ ಮೇಲೆ ಬರೆಯುತ್ತಿದ್ದರು.

ಆ ಅಧಿಕಾರಕ್ಕೇ ಈಗ ಕುತ್ತು ಬಂದಿತ್ತು. ಅತ್ತೆಯ ಕಣ್ಣಿಗೆ ಪೊರೆ ಬರುತ್ತಿತ್ತು. "ಲೋಟದ ಗೆರೆ ಕಾಣದಿದ್ರೆ ಈ ಮನೇಲಿ ನಾನು ಎಂಥಕ್ಕೆ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮ ಪುಣ್ಯಾತ್ಮ ಮಾವನಿಗೆ ಚೌಕ ಎಳೆಯುವ ಚಿಂತೆ!

ಅಡ್ಡಕ್ಕೆ ತಿಂಗಳು, ಉದ್ದಕ್ಕೆ ತಾರೀಕು, ನಡುವೆ ದಾರ ಹಿಡಿದು ಎಳೆದ ಗೆರೆ. ಇಂಚಿಗೂ ಸೆಂಟಿಗೂ ನಡುವಿನ ಚುಕ್ಕಿಯ ಕೆಳಗೇ ಚುಕ್ಕಿ ನಿಲ್ಲಬೇಕು. ಹನಿ ಬೀಳದ ಜನವರಿಗೂ ಎರಡಂಕಿಯ ಜಾಗ!

"ಎಂಥಕ್ಕೆ ಮಾವ? ಜನವರೀಲಿ ಹತ್ತು ಇಂಚು ಬರ್ತದಾ?"

"ಜುಲೈಗೆ ದೊಡ್ಡ ಕೋಣೆ, ಜನವರಿಗೆ ಸಣ್ಣ ಕೋಣೆಯಾ? ಮಕ್ಕಳಲ್ಲಿ ಭೇದ ಮಾಡ್ಬಾರ್ದು ಮಾರಾಯ್ತಿ!"

ಚೌಕ ಖಾಲಿ ಬಿಡುವುದಂತೂ ಮಹಾಪಾಪ. ಮಳೆ ಬಾರದಿದ್ದರೆ ಸೊನ್ನೆ. ಅಳೆಯದಿದ್ದರೆ ಇಂಟು ಗುರುತು. "ಇಲ್ಲ ಅನ್ನೋದು ಬೇರೆ, ಗೊತ್ತಿಲ್ಲ ಅನ್ನೋದು ಬೇರೆ," ಎಂದು ಪಾಠ ಹೇಳಿ, "ನಮ್ಮ ಬಾಗಿಲಲ್ಲಿ ಒಂದು ಇಂಟು ತೋರ್ಸಿ ನೋಡುವ!" ಎಂದು ಕಂಡಕಂಡವರಿಗೆ ಸವಾಲು ಹಾಕುತ್ತಿದ್ದರು.

ಒಮ್ಮೆ ನಾನೂ ಮಾವನೂ ನಾಪೋಕ್ಲಿಗೆ ಹೋಗಿದ್ದಾಗ, ಅಲ್ಲಿನ ಚಾ ಅಂಗಡಿಯ ಹಲಗೆಯಲ್ಲಿ ಬಸ್ಸಿನ ಹೊತ್ತುಗಳನ್ನು ಯಾರೋ ಮನಸ್ಸಿಗೆ ಬಂದಂತೆ ಗೀಚಿದ್ದರು. ಮಾವ ಬಿಡುತ್ತಾರೆಯೇ? ಎಲ್ಲ ಒರೆಸಿ, ಗೆರೆ ಎಳೆದು, ಬರುವುದು ಒಂದು ಕಡೆ ಹೋಗುವುದು ಒಂದು ಕಡೆ ಎಂದು ನಿಲ್ಲಿಸುವಷ್ಟರಲ್ಲಿ ನಮ್ಮ ಬಸ್ಸು ಹೊರಟೇ ಹೋಯಿತು!

"ಅಯ್ಯೋ, ಬಸ್ ಪೋಯಿ!" ಎಂದು ಮಲಯಾಳಿ ಅಂಗಡಿಯವನು ಬಾಯಿ ಬಡಿದುಕೊಂಡ.

"ಹೋಗ್ಲಿ ಬಿಡು. ಎಷ್ಟು ಹೊತ್ತಿಗೆ ಹೋಯ್ತು ಅಂತ ಈಗ ಯಾರಿಗಾದ್ರೂ ಥಟ್ ಅಂತ ಗೊತ್ತಾಗ್ತದೆ," ಎಂದರು ಮಾವ. ಇಬ್ಬರೂ ಮನೆಗೆ ನಡೆದೆವು, ಜಿಗಣೆ ಕಚ್ಚಿಸಿಕೊಂಡು.

ಬರಬರುತ್ತಾ ಬಾಗಿಲ ಅಂಕಿಗಳು ಊದತೊಡಗಿದವು. ಮೊದಲು ಕಾಫಿ ಹಣ್ಣಿನಷ್ಟಿದ್ದವು, ಆಮೇಲೆ ಕಿತ್ತಳೆಯಷ್ಟಾದವು. ಚೌಕಗಳು ಬಾಗಿಲು ದಾಟಿ ಗೋಡೆಗೂ ಹತ್ತಿದವು! ನಾವು ನಕ್ಕರೆ ಮಾವ, "ಜಗಲಿಯಿಂದ ಅವಳಿಗೆ ಕಾಣ್ಬೇಕಲ್ಲ," ಎನ್ನುತ್ತಿದ್ದರು. ಆದರೆ ಲೋಟದ ಗೆರೆಯನ್ನು ದಪ್ಪ ಮಾಡಲು ಯಾವ ಚಾಕ್‌ಪೀಸಿಗೂ ಆಗುವುದಿಲ್ಲವಲ್ಲ. ಕೊನೆಗೆ ಆ ಜುಲೈಯಲ್ಲಿ ಅತ್ತೆ ಆಪರೇಷನ್ನಿಗೆ ಮೈಸೂರಿಗೆ ಹೋದರು. ಜೊತೆಗೆ ನನ್ನ ಅಮ್ಮ ಹೋದಳು. ಮಾವನಿಗೆ ಗಂಜಿ ಬೇಯಿಸಲು ನಾನು ಉಳಿದೆ.

ಮರುದಿನ ಆಕಾಶ ತೂತು ಬಿದ್ದ ಹಾಗೆ ಮಳೆ. ಬೆಳಿಗ್ಗೆ ನೋಡುತ್ತೇನೆ, ಬಾಗಿಲ ಮೇಲೆ ಒಂದು ಇಂಟು!

"ಡಬ್ಬಿ ತುಂಬಿ ಚೆಲ್ತಾ ಉಂಟು ಮಾವ! ನಾನು ಅಳೀಲಾ?"

"ಮುಟ್ಬೇಡ!" ಎಂದು ಗದರಿದರು. ಆಮೇಲೆ ಮೆಲ್ಲಗೆ, "ಅವಳ ಕೆಲ್ಸ ನಾವು ಮಾಡಿದ್ರೆ ಅವಳ ಕಣ್ಣು ಬರೋದಿಲ್ಲ ಅಂತ ನಾವೇ ಒಪ್ಪಿದ ಹಾಗಾಗ್ತದೆ," ಎಂದರು.

ದಿನಾ ಮಳೆ, ದಿನಾ ಇಂಟು. ಡಬ್ಬಿಯ ನೀರನ್ನು ಮಾವ ಅಳೆಯದೆಯೇ ಬೆಳಿಗ್ಗೆ ಚೆಲ್ಲಿಬಿಡುತ್ತಿದ್ದರು. ಊರವರು ಬಂದು "ನಿಮ್ಮಲ್ಲಿ ಎಷ್ಟು?" ಎಂದು ಕೇಳಿದರೆ, ಸವಾಲಿನ ಸರದಾರ ತಲೆ ತಗ್ಗಿಸಿ "ಗೊತ್ತಿಲ್ಲ" ಎನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತು.

ಆಗಸ್ಟಿನಲ್ಲಿ ಅತ್ತೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಬಂದಿಳಿದರು. ಕಾಲು ಕೂಡ ತೊಳೆಯದೆ ನೇರ ಗೋದಾಮಿನ ಬಾಗಿಲಿಗೆ ಹೋದರು. ತುಂಬ ಹೊತ್ತು ನೋಡಿದರು.

"ಈ ಕನ್ನಡಕ ಸರಿ ಇಲ್ಲ ಕಾಣ್ತದೆ. ಇಂಟೆಲ್ಲ ಡೊಂಕು ಡೊಂಕು ಕಾಣ್ತಾ ಉಂಟು."

ನಾನೂ ನೋಡಿದೆ. ನಿಜವೇ! ಒಂದು ಗೆರೆಯ ಮೇಲೆ ಹತ್ತಿತ್ತು, ಇನ್ನೊಂದು ಪಕ್ಕದ ಚೌಕಕ್ಕೇ ಕಾಲು ಚಾಚಿತ್ತು.

"ಕನ್ನಡಕ ಸರಿಯಾಗೇ ಉಂಟು," ಎಂದರು ಮಾವ. "ಬರೆಯೋವಾಗ ನಂಗೇ ಕಣ್ಣು ಕಾಣ್ತಿರ್ಲಿಲ್ಲ."

ಅತ್ತೆ ಗಾಜಿನ ಲೋಟ ತೆಗೆದುಕೊಂಡು ಅಂಗಳಕ್ಕಿಳಿದರು. ಸ್ವಲ್ಪ ಹೊತ್ತಿಗೆ ಕೂಗು ಕೇಳಿತು: "ಒಂದು ಇಂಚು, ಹದಿನಾರು ಸೆಂಟು! ಬರ್ಕೊಂಡ್ರಾ?"

ಮಾವ ಚಾಕ್‌ಪೀಸಿಗಾಗಿ ಜಗಲಿಯೆಲ್ಲ ತಡಕಾಡಿದರು. ಅದು ಅವರ ಕೈಯಲ್ಲೇ ಇತ್ತು.