ನೌಕರಿ ಕೊಡಿಸುವ ಕಚೇರಿಗೆ ನೌಕರರಿಲ್ಲ

ನಾಲ್ಕು ಜನರ ಎದುರು ಬಾಯಿ ತೆರೆಯಲಾರದ ನಾನು ಒಂದು ಕಚೇರಿಯಲ್ಲಿ ಕೆಲಸ ಮಾಡಿದ್ದೆ ಎಂದರೆ ಮೊಮ್ಮಕ್ಕಳಾದ ನೀವು ನಗುತ್ತೀರಿ. ನಗಿರಿ. ಆದರೆ ಆ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಉಳಿದವಳು ನಾನೇ. ಜಾಣತನದಿಂದಲ್ಲ, ಬಾಗಿಲ ಮರೆಯಲ್ಲಿ ಕೂತು ಬರೆಯುತ್ತಿದ್ದ ನಾನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಉಪ್ಪಿನಬೆಟಗೇರಿಯ ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಕೆಟ್ಟವಳಲ್ಲ. ಆದರೂ ನಿಮ್ಮ ಅಪ್ಪ ಇನ್ನೊಂದು ರೊಟ್ಟಿಗೆ ಕೈ ಚಾಚಿದಾಗ ಅವಳ ಮುಖ ನೋಡದೆ ಇರುವುದನ್ನು ಕಲಿತುಕೊಂಡಿದ್ದೆ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅಕ್ಷರ ದುಂಡಗಿದ್ದವು. ಅಷ್ಟರ ಮೇಲೆಯೇ ಹುಬ್ಬಳ್ಳಿಯ ರಾಯರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ನಿಮ್ಮ ಅಪ್ಪನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು, ಅಲ್ಲಿಯ ಸಾಲೆಗೆ ಹಾಕಿದೆ. ಅರಿವೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಅಂಗಡಿ, ಗಿರಣಿ, ವಖಾರಿಗಳಿಗೆ ಗುಮಾಸ್ತರನ್ನು ಹುಡುಕಿಕೊಟ್ಟು ದಲಾಲಿ ಪಡೆಯುವುದು ಅವರ ಉದ್ಯೋಗ.

ಊರಿಗೆಲ್ಲ ನೌಕರರನ್ನು ಕೊಡುವ ರಾಯರ ಬಳಿ ಮಾತ್ರ ನೌಕರರು ನಿಲ್ಲುತ್ತಿರಲಿಲ್ಲ. ವ್ಯಾಪಾರಸ್ಥರು ಬಂದಾಗ ಅರ್ಜಿ ಹಾಕಿದವನು ಸರ್ಟಿಫಿಕೇಟು ಹಿಡಿದು ಬೆಂಚಿನ ಮೇಲೆ ಬೆವರುತ್ತಿರುತ್ತಿದ್ದ. ಅವನನ್ನು ಯಾರು ನೋಡಬೇಕು? ನಮ್ಮ ಕಚೇರಿಯ ಗುಮಾಸ್ತರಲ್ಲಿ ಎದ್ದು ನೀರು ಕೊಟ್ಟವನು, ಚಹಾ ತಂದವನು, "ಬರ್ರಿ, ಕೂಡ್ರಿ" ಎಂದವನು, ಅವನ ಮೇಲೆಯೇ ಅವರ ಕಣ್ಣು. ಕನ್ಯೆ ನೋಡಲು ಬಂದವರು ಅವಲಕ್ಕಿ ತಂದುಕೊಟ್ಟ ಪಕ್ಕದ ಮನೆಯ ಹುಡುಗಿಯನ್ನು ಕೇಳಿದ ಹಾಗೆ! "ರಾಯರ, ಅಂವ ಯಾಕ? ಇವನ್ನ ಕೊಟ್ಟುಬಿಡ್ರಿ" ಎನ್ನುತ್ತಿದ್ದರು. ದಲಾಲಿ ಬರುವಾಗ ಇಲ್ಲವೆನ್ನುವ ಅಭ್ಯಾಸ ರಾಯರಿಗೆ ಇರಲಿಲ್ಲ.

ಹೀಗೆ ಒಬ್ಬೊಬ್ಬರೇ ಹೋಗಿ ಕೊನೆಗೆ ಉಳಿದವರು ನಾನು ಮತ್ತು ಬಸವರಾಜ. ಇಂಗ್ಲಿಷ್ ಪತ್ರ ಓದಿ ಉತ್ತರ ಟೈಪು ಮಾಡಬಲ್ಲವನು ಅವನೊಬ್ಬನೇ. ಒಂದು ಬೆಳಿಗ್ಗೆ ರಾಯರು ನನ್ನನ್ನು ಕರೆದರು. "ಗಂಗಾಬಾಯಿ, ಇವತ್ತ ಹತ್ತಿ ಗಿರಣಿ ಶೆಟ್ರು ಬರ್ತಾರ. ಬಸವರಾಜನ್ನ ಕೇಳಿದ್ರ ನನಗ ಇಲ್ಲ ಅನ್ನಲಿಕ್ಕೆ ಆಗೂದಿಲ್ಲ, ನನ್ನ ಸ್ವಭಾವ ನಿಮಗ ಗೊತ್ತದ. ಅಂವ ಹೋದಾ ಅಂದ್ರ ಕಚೇರಿ ಮುಚ್ಚೂದೇ."

ಕಚೇರಿ ಮುಚ್ಚಿದರೆ ಮತ್ತೆ ಅಣ್ಣನ ಮನೆ, ಮತ್ತೆ ಆ ರೊಟ್ಟಿ. ನಿಮ್ಮ ಅಪ್ಪನ ಹುಬ್ಬಳ್ಳಿ ಸಾಲೆಗೂ ಅಲ್ಲಿಗೇ ಮಂಗಳ. ಬಸವರಾಜನನ್ನು ನೋಡಿದರೆ ಅವನು ತಲೆ ಬಾಚಿಕೊಳ್ಳುತ್ತಿದ್ದ. "ಗಿರಣ್ಯಾಗ ಪಗಾರ ಛಲೋ ಐತಂತಲ್ರಿ ಅಕ್ಕಾರ?" ಎಂದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಜೋಡಿನ ಸಪ್ಪಳ. "ಹಳೇ ಅರ್ಜಿ ಕಟ್ಟು ಬೇಕಂತಪಾ, ಲಗೂನ ತಗೊಂಬಾ" ಎಂದು ಅವನನ್ನು ಒಳಕೋಣೆಗೆ ಕಳಿಸಿ, ಹೊರಗಿನಿಂದ ಚಿಲಕ ಹಾಕಿಬಿಟ್ಟೆ.

ಶೆಟ್ಟರು ಬಂದು ಕುಳಿತರು. ಬೆಂಚಿನ ಮೇಲೆ ಸುಳ್ಳ ಎಂಬ ಹಳ್ಳಿಯಿಂದ ಬಂದ ಅರ್ಜಿದಾರನೊಬ್ಬ ಬೆವರುತ್ತಿದ್ದ. ಈಗ ನೀರು ಕೊಡುವವರು ಯಾರು? ನಾನಂತೂ ಹೊರಗೆ ಬರುವವಳಲ್ಲ. ಮರೆಯಿಂದಲೇ ತಂಬಿಗೆ ಚಾಚಿದೆ. ರಾಯರೇ ಒಯ್ದು ಕೊಟ್ಟರು. ಚಹಾ ಬಸಿದೆ, ಅದನ್ನೂ ಅವರೇ ಒಯ್ದರು.

"ಏನ್ರಿ ರಾಯರ, ನೀವ ಚಾ ತರಾಕತ್ತೀರಿ? ನಿಮ್ಮ ಮಂದಿ ಎಲ್ಲಿ?"

"ನಿಮ್ಮಂಥಾವರ ಕಡೆ ಸೇರ್ಯಾರಲ್ರಿ."

ಶೆಟ್ಟರು ಗಹಗಹಿಸಿದರು. ಆಗಲೇ ಒಳಗೆ ಬಸವರಾಜ ಕೆಮ್ಮಿದ.

"ಒಳಗ ಯಾರ್ರಿ?"

"ಬೆಕ್ಕು" ಎಂದರು ರಾಯರು.

"ಬೆಕ್ಕು ಕೆಮ್ಮತೈತೇನ್ರಿ?"

"ಹುಬ್ಬಳ್ಳಿ ಧೂಳಿಗೆ ಬೆಕ್ಕೇನ್ರಿ, ಗ್ವಾಡೀನೂ ಕೆಮ್ಮತಾವ."

ಶೆಟ್ಟರು ನಗಲಿಲ್ಲ. ಚಿಲಕವನ್ನೇ ದಿಟ್ಟಿಸಿದರು. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ಅವರು ಬಟ್ಟಲು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಬೆಂಚಿನ ಮ್ಯಾಲಿನ ಈ ಹುಡುಗ ಬ್ಯಾಡ್ರಿ. ನೀವ ಬರ್ರಿ. ಮ್ಯಾನೇಜರ ಕುರ್ಚಿ ಖಾಲಿ ಐತಿ. ಬಂದವರಿಗೆ ನೀರು, ಮಾತಿಗೆ ಮಾತು. ಗಿರಣಿಗೆ ಮತ್ತೇನ ಬೇಕು?"

ರಾಯರು ಇಲ್ಲವೆನ್ನುತ್ತಾರೆ ಎಂದು ಕಾದೆ. ಅವರು ಎದ್ದು ಕೋಟು ಹಾಕಿಕೊಂಡರು. ಕೀಲಿಕೈ ನನ್ನ ಮುಂದಿಟ್ಟು, "ಗಂಗಾಬಾಯಿ, ಇನ್ನ ನೀವೇ ನಡಸ್ರಿ. ಬಾಡಿಗಿ ಮಾತ್ರ ತಪ್ಪಸಬ್ಯಾಡ್ರಿ" ಎಂದು ಶೆಟ್ಟರ ಹಿಂದೆ ಇಳಿದೇಬಿಟ್ಟರು.

ಚಿಲಕ ತೆಗೆದೆ. ಮೈಯೆಲ್ಲ ಧೂಳಾಗಿ ಹೊರಬಂದ ಬಸವರಾಜ, ನಡೆದುದನ್ನು ಕೇಳಿ ಸಿಟ್ಟು ಮರೆತು ನಕ್ಕ. "ಭಾರೀ ಆತ್ರಿ ಅಕ್ಕಾರ! ಆಳಿಗೆ ಚಿಲಕ ಹಾಕಿ ಮಾಲಕರನ್ನ ಬಿಟ್ಟುಕೊಟ್ರಿ!"

ಅಂದು ಸಂಜೆಯೇ ಒಂದು ಶಪಥ ಮಾಡಿದೆ: ಈ ಬಸವರಾಜನನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಮುಂದಿನ ವಾರ ವಖಾರಿಯ ಮಾಲೀಕರೊಬ್ಬರು ಬಂದರು. ರಾಯರ ಕುರ್ಚಿಯಲ್ಲಿ ಸೆರಗು ಹೊದ್ದು ನಾನು ಕುಳಿತಿದ್ದೆ. ಬಸವರಾಜ ನೀರು ಕೊಟ್ಟ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗಂಗಾಬಾಯಾರ, ಇವನ್ನ ಕೊಡ್ತೀರೇನು?" ಎಂದರು. ಇಲ್ಲವೆನ್ನಲು ಬಾಯಿ ತೆರೆದೆ. ಬಾಡಿಗೆಯ ದಿನ ಹತ್ತಿರವಿತ್ತು.

"ಕರಕೊಂಡು ಹೋಗ್ರಿ" ಎಂದೆ. ಪರರ ಎದುರು ನನ್ನ ಬಾಯಿಂದ ತಡವರಿಸದೆ ಬಂದ ಮೊದಲ ಮಾತು ಅದು. ಅವರಿಬ್ಬರೂ ಮೆಟ್ಟಿಲಿಳಿದು ಹೋದರು. ಆಮೇಲೆ, ಆ ದಿನದ ಟಪಾಲಿನಲ್ಲಿ ಬಂದಿದ್ದ ಇಂಗ್ಲಿಷ್ ಪತ್ರವನ್ನು ತೆರೆದು, ಯಾವ ಕಡೆ ಮೇಲೆ ಮಾಡಿ ಹಿಡಿಯಬೇಕೆಂದು ನೋಡುತ್ತ ಕುಳಿತೆ.