ಅತ್ತೆ ನೋಡಿದ ಗಾಂಜಾ ಸಿನಿಮಾ

ಕ್ರಿಸ್‌ಮಸ್ ಎಂದರೆ ಏಸುವಿನ ಹುಟ್ಟುಹಬ್ಬ ಎಂದು ಲೋಕವೆಲ್ಲ ನಂಬಿದೆ. ನಮ್ಮ ಮನೆಯಲ್ಲಿ ಅದು ನನ್ನ ಹೆಂಡತಿ ಮಾರ್ಲಿಸಳ ದಂಡಯಾತ್ರೆ. ನವೆಂಬರ್ ಮುಗಿಯುವುದೇ ತಡ, ನಾನು ಏಣಿ ಹತ್ತಿ ಸೂರಿಗೆ ದೀಪ ಕಟ್ಟಬೇಕು, ಬಾಗಿಲ ಮುಂದಿನ ಹಿಮ ಗೋರಬೇಕು, ಪಕ್ಕದ ಮನೆಯವರದಕ್ಕಿಂತ ಒಂದು ಗೇಣು ಎತ್ತರದ ಮರ ತರಬೇಕು. ಇಷ್ಟು ಸಾಲದೆಂದು ಕ್ಷಾರದ ನೀರಲ್ಲಿ ನೆನೆಹಾಕಿದ ಲ್ಯೂಟಫಿಸ್ಕ್ ಎಂಬ ಮೀನನ್ನು 'ಆಹಾ' ಎನ್ನುತ್ತ ನುಂಗಬೇಕು. (ಆ ವಾಸನೆಗೆ ನಮ್ಮ ಬೆಕ್ಕು ಮನೆ ಬಿಟ್ಟು ಹೋಗುತ್ತದೆ. ನನಗೆ ಆ ಸ್ವಾತಂತ್ರ್ಯವಿಲ್ಲ.)

ಇದನ್ನೆಲ್ಲ ನಾನು ಸಹಿಸುತ್ತಿದ್ದದ್ದು ಒಂದೂವರೆ ಗಂಟೆಯ ಮೋಕ್ಷಕ್ಕಾಗಿ. ಹಬ್ಬದ ಹಿಂದಿನ ದಿನ ಹೆಂಗಸರೆಲ್ಲ ಅಡುಗೆಮನೆ ಹೊಕ್ಕಾಗ, "ಬಾಯ್ಲರ್ ನೋಡಿ ಬರ್ತೀನಿ" ಎಂದು ನೆಲಮಾಳಿಗೆಗೆ ಇಳಿದು ನನ್ನ ಮೆಚ್ಚಿನ ಗಾಂಜಾ ಸಿನಿಮಾ ಹಾಕಿಕೊಳ್ಳುತ್ತಿದ್ದೆ.

ತಪ್ಪು ತಿಳಿಯಬೇಡಿ. ನಾನು ಲೂಥರನ್ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವವನು. ಕೆಮ್ಮಿನ ಔಷಧಿ ಕುಡಿದರೂ ತಲೆ ತಿರುಗುತ್ತದೆ. ಸೇದುವವರು ಸಿನಿಮಾದ ಇಬ್ಬರು ಅಯೋಗ್ಯರು. ಸಾಂತಾ ವೇಷ ಹಾಕಿಕೊಂಡು ಬಾಲ ಏಸುವಿನ ಗೊಂಬೆ ಮಲಗಿಸುವ ಚರ್ಚಿನ ಗೋದಲಿಯೊಳಗೆ ಗಾಂಜಾ ಬಚ್ಚಿಡುತ್ತಾರೆ. ಹಬ್ಬದ ನಾಟಕಕ್ಕೆಂದು ತಂದ ಆಡು ಅದನ್ನು ಮೇದು ಗೋಪುರ ಹತ್ತುತ್ತದೆ. ಪಾದ್ರಿ ಅದನ್ನು ದೇವದೂತನೆಂದು ತಿಳಿದು ಮೊಣಕಾಲೂರುತ್ತಾನೆ. ಮರ ಉರುಳುತ್ತದೆ, ಕೋಳಿ ಸೀಯುತ್ತದೆ, ನೆಂಟರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆ ಇಬ್ಬರೂ "ಇರ್ಲಿ ಬಿಡೋ" ಎಂದು ಚಿಪ್ಸ್ ತಿನ್ನುತ್ತಾರೆ.

ಆ "ಇರ್ಲಿ ಬಿಡೋ" ಕೇಳಲೆಂದೇ ನಾನು ವರ್ಷವಿಡೀ ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದಿಲ್ಲ. ಕೊನೆಯಲ್ಲಿ ಅಯೋಗ್ಯರಿಬ್ಬರೂ ತಬ್ಬಿಕೊಂಡು "ನೀನಿಲ್ದೆ ನಂಗೇನೋ ಹಬ್ಬ" ಎಂದು ಅಳುವಾಗ ನಾನೂ ಕರ್ಚೀಫು ಹುಡುಕುತ್ತಿದ್ದೆ. ನಮ್ಮ ಚರ್ಚಿನ ಪಾದ್ರಿಯ ಉಪದೇಶಕ್ಕೆ ಒಮ್ಮೆಯೂ ಹಾಗಾಗಿಲ್ಲ. ಬರೀ ತೂಕಡಿಕೆ.

ಎಲ್ಲ ಕೆಟ್ಟದ್ದು ಹೋದ ವರ್ಷ. ಆಡು ಮೇಯಲು ಶುರುಮಾಡಿದಾಗ ಮೆಟ್ಟಿಲ ಮೇಲೆ ಸದ್ದಾಯಿತು. ತಿರುಗಿ ನೋಡಿದರೆ ಮಾರ್ಲಿಸಳ ತಾಯಿ, ನನ್ನ ಅತ್ತೆ ಅರ್ಡಿಸ್! ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಅವರು ನಕ್ಕದ್ದನ್ನು ಕಂಡವರು ಊರಲ್ಲಿಲ್ಲ.

"ಏನಪ್ಪಾ ಲೈಲ್, ಬಾಯ್ಲರ್ ನಗ್ತಾ ಇದೆಯಲ್ಲ?"

"ಅದು... ಸಿನಿಮಾ, ಅತ್ತೆ. ಬನ್ನಿ, ನೀವೂ ನೋಡಿ."

ಹೀಗೆಂದದ್ದಕ್ಕೆ ನನ್ನನ್ನು ದಡ್ಡ ಎನ್ನಬೇಡಿ. ಅಮೆರಿಕದ ನಮ್ಮ ಮಿನೆಸೋಟದಲ್ಲಿ ಮರ್ಯಾದಸ್ಥರು ಕಾಫಿಯನ್ನೂ ಮೊದಲ ಸಲಕ್ಕೆ ಒಪ್ಪುವುದಿಲ್ಲ. ಮೊದಲು "ಅಯ್ಯೋ ಬೇಡ", ಆಮೇಲೆ "ಸುಮ್ನೆ ನಿಮಗೆ ತೊಂದ್ರೆ", ಮೂರನೆಯ ಸಲ "ಅರ್ಧ ಲೋಟ ಸಾಕು". ಒಂದೇ ಸಲ ಕರೆದು ಸುಮ್ಮನಾದರೆ ಮರ್ಯಾದೆಯೂ ಉಳಿಯಿತು, ಅಪಾಯವೂ ಇಲ್ಲ.

"ಸರಿ, ಆ ಕಡೆ ಜರುಗು," ಎಂದರು ಅತ್ತೆ.

ಹುಟ್ಟಿದಾಗಿಂದ ಪಾಲಿಸಿಕೊಂಡು ಬಂದ ಧರ್ಮವನ್ನು ಈ ತಾಯಿ ನನ್ನ ಹರಕು ಸೋಫಾಕ್ಕಾಗಿ ಬಿಟ್ಟರಲ್ಲ!

"ಆ ಹುಡುಗ ಏನೋ ಸೇದ್ತಿದಾನಲ್ಲ, ಏನದು?"

"ಅದು ಧೂಪ, ಅತ್ತೆ. ಕ್ಯಾಥೊಲಿಕರು ಪೂಜೆಲಿ ಹಾಕ್ತಾರಲ್ಲ, ಅದು. ಇದು ಅವರ ಸಿನಿಮಾ."

"ನನ್ ಹತ್ರ ಸುಳ್ಳು ಹೇಳ್ಬೇಡ. ಕ್ಯಾಥೊಲಿಕರು ಇಷ್ಟು ಖುಷಿಯಾಗಿರಲ್ಲ."

ಆಡು ಗೋಪುರ ಹತ್ತಿತು. ಅತ್ತೆಯ ಭುಜ ಕುಲುಕತೊಡಗಿತು. ಪಾದ್ರಿ ಮೊಣಕಾಲೂರಿದ ಹೊತ್ತಿಗೆ ಅತ್ತೆಯ ಕನ್ನಡಕ ನೆಲಕ್ಕೆ ಬಿದ್ದಿತ್ತು. ಅವರ ನಗುವಿನ ಗದ್ದಲಕ್ಕೆ ಮಾರ್ಲಿಸ್ ಸೌಟು ಹಿಡಿದೇ ಓಡಿಬಂದಳು.

"ಲೈಲ್! ಅಮ್ಮಂಗೆ ಏನ್ ಮಾಡ್ದೆ?"

"ಬಾರೇ, ಕೂತ್ಕೋ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಮದುವೆ ಆದಾಗಿಂದ ಈ ಹಬ್ಬಕ್ಕೆ ಮೀನು ಬೇಯಿಸ್ತಾನೇ ಇದೀನಿ. ಒಬ್ರಾದ್ರೂ ನಂಗೆ 'ಇರ್ಲಿ ಬಿಡು' ಅಂದಿದ್ರಾ?"

"ಒಲೆ ಮೇಲೆ ಮೀನಿದೆ ಅಮ್ಮಾ!"

"ಇರ್ಲಿ ಬಿಡೇ."

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅತ್ತೆಯ ಮೇಲೆ ಅಕ್ಕರೆ ಉಕ್ಕಿಬಂತು. ಆ ಅಕ್ಕರೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಕೇಳಿ.

ಈ ವರ್ಷ ಆ ಸಿನಿಮಾ ನಮ್ಮ ಮನೆಯ ಸಂಪ್ರದಾಯವಾಯಿತು. ಸಂಪ್ರದಾಯವೆಂದ ಮೇಲೆ ಅದು ಮಾರ್ಲಿಸಳ ಕೈಗೆ ಹೋಯಿತು. ನೆಲಮಾಳಿಗೆಯಿಂದ ಹಜಾರಕ್ಕೆ ಬಡ್ತಿ. ಎಲ್ಲರಿಗೂ ಆಡಿನ ಚಿತ್ರದ ಸ್ವೆಟರು (ನನ್ನದು ಮೈ ಕಡಿಯುತ್ತದೆ). ಮಹಿಳಾ ಸಂಘ ಬಿಸ್ಕತ್ತಿನ ಡಬ್ಬಿಗಳ ಸಮೇತ ಹಾಜರು. ಕುರ್ಚಿ ಸಾಲದೆ ನಾನು ಬಾಗಿಲಿಗೆ ಒರಗಿ ನಿಂತೆ. ಆಡು ಬರುವ ಮುಂಚೆಯೇ ಅಭ್ಯಾಸಬಲದಿಂದ ನಕ್ಕುಬಿಟ್ಟಾಗ ಎಲ್ಲರೂ ತಿರುಗಿ "ಶ್ಶ್!" ಎಂದರು.

ಅತ್ತೆಗೆ ಮಾತ್ರ ಕರುಣೆ ಬಂತು. "ಲೈಲ್, ಯಾಕಪ್ಪಾ ನಿಂತಿದೀಯ? ಬಾ, ಇಲ್ಲೇ ಜಾಗ ಮಾಡ್ಕೊಡ್ತೀವಿ."

ಹುಟ್ಟುಗುಣ ಸುಟ್ಟರೂ ಹೋಗದು. "ಅಯ್ಯೋ, ಬೇಡ ಅತ್ತೆ," ಎಂದೆ, ಎರಡನೆಯ ಕರೆಗಾಗಿ ಒಂದು ಕಾಲನ್ನು ಮುಂದಿಟ್ಟುಕೊಂಡೇ.

"ಹಾಗಾದ್ರೆ ಸರಿ. ಒಲೆ ಮೇಲೆ ಮೀನಿದೆ, ಸೀಯದಂಗೆ ನೋಡ್ಕೋ."

"ಸೀದ್ರೆ?" ಎಂದೆ, ಬಹಳ ಆಸೆಯಿಂದ.

ಮಾರ್ಲಿಸ್ ಪರದೆಯಿಂದ ಕಣ್ಣು ಕೀಳದೆ ಹೇಳಿದಳು: "ಸೀದ್ರೆ ನಿನ್ ಕಥೆ ಮುಗೀತು."

ಸೌಟು ಹಿಡಿದು ಒಲೆಯ ಮುಂದೆ ನಿಂತೆ. ಬೆಕ್ಕು ಆಗಲೇ ಮನೆ ಬಿಟ್ಟಿತ್ತು. ಹಜಾರದಲ್ಲಿ ಅಯೋಗ್ಯರಿಬ್ಬರೂ "ಇರ್ಲಿ ಬಿಡೋ" ಎಂದರು. ಮಹಿಳಾ ಸಂಘವು 'ಆಮೆನ್' ಎನ್ನುವ ರಾಗದಲ್ಲೇ ಒಕ್ಕೊರಲಿನಿಂದ "ಇರ್ಲಿ ಬಿಡೋ" ಎಂದಿತು. ನಾನು ಮೀನನ್ನು ತಿರುವಿ ಹಾಕಿದೆ.