ನನ್ನ ಫೋನಿನ ದೊಡ್ಡ ಮನಸ್ಸು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಶಿಸ್ತಿನ ಮನುಷ್ಯ. ಕಂಡಕಂಡವರ ಮೇಲೆಲ್ಲ ಹೊಟ್ಟೆಕಿಚ್ಚು ಪಡುವವರಿದ್ದಾರೆ. ಅದು ಶುದ್ಧ ದುಂದು. ಇಲ್ಲಿ ಬಹ್ರೈನಿನ ಶ್ರೀಮಂತರ ಬಂಗಲೆ, ಅದರ ಮುಂದೆ ಸಾಲಾಗಿ ನಿಂತ ನಾಲ್ಕು ಕಾರು, ಇವನ್ನೆಲ್ಲ ಕಂಡರೆ ನನಗೆ ಏನೂ ಆಗುವುದಿಲ್ಲ. ದೇವರು ಕೊಟ್ಟಿದ್ದಾನೆ, ಇಟ್ಟುಕೊಳ್ಳಲಿ. ನನ್ನ ಹೊಟ್ಟೆ ಉರಿಯುವುದು ಒಬ್ಬನೇ ಒಬ್ಬನಿಗಾಗಿ. ಅವನು ನನ್ನ ಗೆಳೆಯ ವಿಲ್ಫ್ರೆಡ್, ಎಲ್ಲರ ಬಾಯಲ್ಲಿ ವಿಲ್ಫಿ. ಬಂಟ್ವಾಳದ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನ ಕಂಪಾಸು ಪೆಟ್ಟಿಗೆಗೆ ಅಯಸ್ಕಾಂತದ ಮುಚ್ಚಳವಿತ್ತು, ಟಕ್ ಎಂದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನನ್ನದಕ್ಕೆ ರಬ್ಬರ್ ಬ್ಯಾಂಡು. ನಲವತ್ತು ದಾಟಿದ ಮೇಲೂ ಆ ಟಕ್ ಎಂಬ ಸದ್ದು ಒಮ್ಮೊಮ್ಮೆ ನನಗೆ ಕೇಳಿಸುವುದುಂಟು.

ಬಹ್ರೈನಿಗೆ ಬಂದದ್ದೂ ನಾವಿಬ್ಬರು ಒಟ್ಟಿಗೇ. ಸೆಗಯಾ ಬಡಾವಣೆಯ ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ಕೆಳಗಿನದು ಅವನಿಗೆ ಸಿಕ್ಕಿತು, ಅದನ್ನೂ ನಾನು ಮರೆತಿಲ್ಲ. ನಾನು ಸಲ್ಮಾಬಾದಿನ ಗೋದಾಮೊಂದರಲ್ಲಿ ಎಸಿ ಬಿಡಿಭಾಗಗಳ ಸ್ಟೋರ್‌ಕೀಪರ್ ಆಗಿ ಸೇರಿದೆ, ಈಗಲೂ ಅದೇ. ಅವನು ಹೋಟೆಲಿನ ಅಡುಗೆಮನೆಗೆ ತರಕಾರಿ ತರಿಸುವ ಕೆಲಸಕ್ಕೆ ಸೇರಿ, ಈಗ ಮೂರು ಹೋಟೆಲುಗಳ ಖರೀದಿ ಮ್ಯಾನೇಜರ್. ಮದುವೆಯಾಗಿ ಹೆಂಡತಿ ಮೈಮೂನಳನ್ನು ಕರೆತಂದಾಗ ನಾನು ಸೆಗಯಾದಲ್ಲೇ ಎರಡು ಬೀದಿ ಆಚೆ ಮನೆ ಹಿಡಿದೆ. ವಿಲ್ಫಿ ಕಳೆದ ವರ್ಷ ಹೆಂಡತಿ ಜೆಸಿಂತ ಮತ್ತು ಮಗಳ ಜೊತೆ ಸಮುದ್ರದಂಡೆಯ ಜುಫೈರಿನ ದೊಡ್ಡ ಕಟ್ಟಡವೊಂದರ ಹದಿನಾಲ್ಕನೇ ಮಾಳಿಗೆಗೆ ಏರಿದ. ಏರಿದ ಮೇಲೆ ಸುಮ್ಮನಿರಬೇಕಲ್ಲ! ದಿನಾ ಬೆಳಿಗ್ಗೆ ಬಾಲ್ಕನಿಯಿಂದ ಸಮುದ್ರದ ಫೋಟೋ. ಸಮುದ್ರ, ಕೈಯಲ್ಲಿ ಕಾಫಿ ಕಪ್ಪು, ಮೇಲೆ ಕೆಂಪು ಸೂರ್ಯ. ನಮ್ಮ ಕಿಟಕಿ ತೆರೆದರೆ ಕಾಣುವುದು ಎದುರಿನ ಲಾಂಡ್ರಿಯ ಬೋರ್ಡು ಮತ್ತು ತೊಟ್ಟಿಕ್ಕುವ ಎಸಿ ಪೈಪು.

ಹಾಗಾಗಿ ನಾನೊಂದು ನಿಯಮ ಮಾಡಿಕೊಂಡೆ. ವಿಲ್ಫಿ ಹಾಕಿದ ಫೋಟೋಗಳನ್ನೆಲ್ಲ ನೋಡುವುದು, ದೊಡ್ಡದು ಮಾಡಿ ನೋಡುವುದು, ಹಿಂದೆ ಇಟ್ಟ ಸೋಫಾ ಹೊಸತೋ ಹಳೆಯದೋ ಎಂದು ಪರೀಕ್ಷಿಸುವುದು. ಆದರೆ ಕೆಳಗಿನ ಹಾರ್ಟನ್ನು ಮಾತ್ರ ಒತ್ತುವುದಿಲ್ಲ. ಅವನಿಗೆ ಎಲ್ಲವೂ ಉಂಟು. ನನ್ನ ಹಾರ್ಟು ಒಂದು ಇಲ್ಲದೆ ಇರಲಿ. ವರ್ಷವಿಡೀ ಈ ವ್ರತವನ್ನು ಒಂದು ದಿನವೂ ತಪ್ಪದೆ ಪಾಲಿಸಿದೆ.

ವ್ರತ ಕೆಡಿಸಿದ್ದು ನನ್ನ ಹೊಸ ಫೋನು. ಕೊಂಡು ನಾಲ್ಕು ತಿಂಗಳಾಗಿತ್ತು, ವಾರಂಟಿ ಒಂದು ವರ್ಷ. ಅದರ ಪರದೆಯ ಕೆಳಗೆ ಎಡಬದಿಯಲ್ಲಿ, ಅಂದರೆ ಸರಿಯಾಗಿ ಹಾರ್ಟು ಇರುವ ಜಾಗದಲ್ಲಿ, ಯಾರೋ ಕಾಣದವರು ಬೆರಳಿಟ್ಟ ಹಾಗೆ ತನ್ನಷ್ಟಕ್ಕೇ ಒತ್ತಿಕೊಳ್ಳುವ ರೋಗ ಶುರುವಾಯಿತು. ಒಂದು ಬೆಳಿಗ್ಗೆ ವಿಲ್ಫಿಯ ಸಮುದ್ರವನ್ನು ದೊಡ್ಡದು ಮಾಡಿ ಎಲ್ಲಾದರೂ ಕಸ ತೇಲುತ್ತಿದೆಯೇ ಎಂದು ಹುಡುಕುತ್ತಿದ್ದೆ. ನೋಡನೋಡುತ್ತಿದ್ದಂತೆ ಹಾರ್ಟು ಕೆಂಪಾಯಿತು. ಇನ್ನೊಮ್ಮೆ ಒತ್ತಿದರೆ ಅದು ಹೋಗುತ್ತದೆ, ಗೊತ್ತುಂಟು. ಆದರೆ ಅಷ್ಟರಲ್ಲಿ ಅವನಿಗೆ ಸುದ್ದಿ ಮುಟ್ಟಿರುತ್ತದೆ. ಕೊಟ್ಟು ತೆಗೆಯುವುದು ಕೊಡದೆ ಇರುವುದಕ್ಕಿಂತ ಕೆಟ್ಟದ್ದು. ಹಲ್ಲು ಕಚ್ಚಿಕೊಂಡು ಬಿಟ್ಟೆ. ಮರುದಿನ ಅವನ ಮಗಳ ಬಹುಮಾನಕ್ಕೆ ಬಿತ್ತು. ಅದರ ಮರುದಿನ ಹೊಸ ಕಾರಿಗೆ ಬಿತ್ತು. ನಮ್ಮ ಗೋದಾಮಿನ ಫೋರ್‌ಮನ್ ತನ್ನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿದ ಫೋಟೋ ಹಾಕಿದಾಗ ಅದಕ್ಕೂ ಬಿತ್ತು. ಆತ ಒಂದು ವಾರ ನನ್ನೊಡನೆ ಮಾತು ಬಿಟ್ಟ.

ವಿಲ್ಫಿ ಮಾತ್ರ ಮಾತು ಹೆಚ್ಚಿಸಿದ. ಮೊದಲು ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದವನು ಈಗ ದಿನ ಬಿಟ್ಟು ದಿನ ಮಾಡತೊಡಗಿದ. ಒಂದು ಸಂಜೆ ಸ್ವತಃ ಬಂದು ಬಂಗುಡೆ ಮೀನಿನ ಪುಳಿಮುಂಚಿಯ ಡಬ್ಬ ಕೊಟ್ಟು ಹೋದ. ಪುಳಿಮುಂಚಿ ನಮ್ಮ ಮನೆಯದ್ದಕ್ಕಿಂತ ಚೆನ್ನಾಗಿತ್ತು, ಅದಕ್ಕೂ ಸ್ವಲ್ಪ ಉರಿಯಿತು. "ನಿಮಗೆ ಒಳ್ಳೆ ಬುದ್ಧಿ ಬಂತಲ್ಲ, ಅಷ್ಟು ಸಾಕು" ಎಂದಳು ಮೈಮೂನ. ಬುದ್ಧಿ ಬಂದದ್ದು ನನಗಲ್ಲ, ಫೋನಿಗೆ ಎಂದು ಹೇಳಿದರೆ, "ಹಾಗಾದರೆ ಅದನ್ನು ರಿಪೇರಿ ಮಾಡಿಸಬೇಡಿ" ಎನ್ನುತ್ತ ಒಳಗೆ ಹೋದಳು.

ಮಾಡಿಸದೆ ಬಿಡುವವನೇ ನಾನು? ಗ್ರಾಹಕ ಸೇವೆಯವರಿಗೆ ಫೋನು ಮಾಡಿದೆ. ಅರಬಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂಬ ಧ್ವನಿ ಬಂತು. ನಾನು ಎರಡಕ್ಕೆ ಬೆರಳು ತರುವಷ್ಟರಲ್ಲಿ ಆ ಕಾಣದ ಬೆರಳು ಕೀಲಿಪಟ್ಟಿಯ ಮೇಲೆ ಆಡಿ ಏನೋ ಆಯಿತು, ಒಬ್ಬ ಹೆಂಗಸು ನಿರರ್ಗಳ ಅರಬಿಯಲ್ಲಿ ವಿಚಾರಿಸತೊಡಗಿದಳು. ಇಷ್ಟು ವರ್ಷ ಇಲ್ಲಿದ್ದರೂ ಗಾಬರಿಯಾದಾಗ ನನ್ನ ಬಾಯಿಗೆ ಬರುವ ಅರಬಿ ಒಂದೇ: "ಮಾಫಿ ಮುಷ್ಕಿಲ್", ಅಂದರೆ ತೊಂದರೆ ಏನೂ ಇಲ್ಲ. ಆಕೆ ಸಂತೋಷದಿಂದ ನನ್ನ ದೂರನ್ನು ಮುಗಿಸಿ ಫೋನಿಟ್ಟಳು. ಎರಡನೇ ಸಲ ಅರ್ಧ ಗಂಟೆ ಸಂಗೀತ ಕೇಳಿದ ಮೇಲೆ ಒಬ್ಬ ಮನುಷ್ಯ ಸಿಕ್ಕಿದ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದ. ನಾನು ಸಿಟ್ಟಿನಿಂದ ಉತ್ತರ ಹುಡುಕುತ್ತಿದ್ದಾಗ ಕರೆಯೇ ಕಟ್ಟಾಯಿತು. ಆಮೇಲೆ, ನಮ್ಮ ಸೇವೆ ಹೇಗಿತ್ತು ಎಂದು ಕೇಳುವ ಪಟ್ಟಿ ಬಂತು. ಒಂದು ನಕ್ಷತ್ರ ಕೊಡಬೇಕೆಂದು ಕನ್ನಡಕ ಹುಡುಕುವುದರೊಳಗೆ ಫೋನೇ ಐದು ಕೊಟ್ಟು ಕಳಿಸಿಬಿಟ್ಟಿತು. ನನ್ನ ಫೋನಿನ ದೊಡ್ಡ ಮನಸ್ಸಿಗೆ ಕಂಪನಿಯಿಂದ ಕೃತಜ್ಞತೆಯ ಪತ್ರವೂ ಬಂತು.

ಕಡೆಗೆ ಸರ್ವಿಸ್ ಸೆಂಟರಿಗೇ ಹೋದೆ. ಕೌಂಟರಿನಲ್ಲಿ ಕನ್ನಡಕ ಹಣೆಗೇರಿಸಿಕೊಂಡ, ನನ್ನಷ್ಟೇ ವಯಸ್ಸಿನ ಒಬ್ಬರು. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ಹತ್ತು ನಿಮಿಷ ನೋಡಿದೆವು. ಅದು ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯ ಹಾಗೆ ತಲೆ ಎತ್ತಲಿಲ್ಲ. "ಬಿಲ್ಕುಲ್ ಠೀಕ್ ಹೈ ಸರ್" ಎಂದರು. ಕೈ ಬೆವರಿರಬಹುದು, ಮೇಲೆ ಅಂಟಿಸಿದ ಗಾಜು ಬದಲಿಸಿ ಎಂದರು, ಬದಲಿಸಿದೆ. ಮುಂದಿನ ವಾರ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿ ಎಂದರು; ಹಾಕಿದೆ. ನನ್ನ ಮುಂದೆ ಸಾಲಿನಲ್ಲಿದ್ದವನೊಬ್ಬ ಐದೇ ನಿಮಿಷದಲ್ಲಿ ಹಳೆಯದನ್ನು ಕೊಟ್ಟು ಹೊಸ ಫೋನು ಹಿಡಿದು ಹಲ್ಲು ಬಿಡುತ್ತ ಹೋದ. ಅವನ ಹೆಸರೂ ನನಗೆ ಗೊತ್ತಿಲ್ಲ, ಆದರೂ ಶಿಸ್ತು ಮುರಿದು ಹೊಟ್ಟೆಕಿಚ್ಚು ಪಟ್ಟೆ. ಮೂರನೇ ವಾರ ಅವರು, "ಪರದೆ ತಾನಾಗಿ ಒತ್ತುವುದನ್ನು ನಮ್ಮ ಕಣ್ಣೆದುರೇ ಬೇರೆ ಫೋನಿನಲ್ಲಿ ವೀಡಿಯೊ ಮಾಡಿ ತೋರಿಸಿ, ಕೂಡಲೇ ಹೊಸತು ಕೊಡುತ್ತೇವೆ" ಎಂದರು.

ಮೈಮೂನಳ ಫೋನಿನ ಕ್ಯಾಮರಾದಲ್ಲಿ ಲೋಕವೆಲ್ಲ ಮಂಜು. ವಿಲ್ಫಿ ಫೋನು ಮಾಡಿದಾಗ, ನನ್ನ ಫೋನು ಹಾಳಾಗಿದೆ, ಅದರದ್ದೊಂದು ವೀಡಿಯೊ ಬೇಕಂತೆ ಎಂದಷ್ಟೇ ಬಾಯಿ ಬಿಟ್ಟೆ. ಏನು ಹಾಳು ಎಂದು ಹೇಳಲಿಲ್ಲ. "ಅದಕ್ಕೆಂತ ಮಾರಾಯ, ನನ್ನ ಫೋನಿಗೆ ಮೂರು ಕಣ್ಣುಂಟು. ಶುಕ್ರವಾರ ನಾನೇ ಬರುತ್ತೇನೆ" ಎಂದ.

ಶುಕ್ರವಾರ ಜುಮಾ ನಮಾಜು ಮುಗಿಸಿ ಹೊರಗೆ ಬಂದರೆ, ನನ್ನ ಫೋನು ಹಾರ್ಟು ಒತ್ತಿದ್ದ ಅದೇ ಕಾರಿನಲ್ಲಿ ಕೂತು ವಿಲ್ಫಿ ಕಾಯುತ್ತಿದ್ದ. ಸೀಟು ಮೆತ್ತಗಿತ್ತು. ದಾರಿಯಲ್ಲಿ ಅವನು ರಸ್ತೆಯನ್ನೇ ನೋಡುತ್ತ ಹೇಳಿದ: "ನಿನಗೆ ಹೇಳಬೇಕು ಹನೀಫಾ. ಜುಫೈರಿಗೆ ಬಂದ ಮೇಲೆ ನಮ್ಮ ಹಳೆಯವರೆಲ್ಲ ಸೈಲೆಂಟ್. ಸ್ವಂತ ಅಣ್ಣ ಕೂಡ ನನ್ನ ಫೋಟೋ ನೋಡಿ ಸುಮ್ಮನಿರುತ್ತಾನೆ. ಜೆಸಿಂತಳಿಗೆ ಆಸ್ಪತ್ರೆಯಲ್ಲಿ ಶಿಫ್ಟು, ಬೆಳಿಗ್ಗೆ ನಾನೊಬ್ಬನೇ ಆ ಬಾಲ್ಕನಿಯಲ್ಲಿ. ನಿನ್ನ ಹಾರ್ಟು ಬಿದ್ದ ಮೇಲೆಯೇ ನಾನು ಕಾಫಿ ಕುಡಿಯುವುದು, ಗೊತ್ತುಂಟಾ?" ಎಸಿ ಚೆನ್ನಾಗಿ ತಂಪು ಕೊಡುತ್ತಿತ್ತು. ನನಗೆ ಮಾತ್ರ ಬೆವರು.

ಕೌಂಟರಿನವರು ನನ್ನನ್ನು ಕಂಡು ನಿಟ್ಟುಸಿರು ಬಿಟ್ಟರು. "ಕೈಯಲ್ಲಿ ಹಿಡಿದುಕೊಂಡು ಫೋಟೋ ಹಾಕುವ ಆ್ಯಪ್ ತೆರೆಯಿರಿ, ಅಲ್ಲಿಯೇ ಆಗುವುದು ಎಂದಿದ್ದಿರಲ್ಲ" ಎಂದರು. ತೆರೆದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ವಿಲ್ಫಿಯ ಆ ಬೆಳಗಿನ ಸಮುದ್ರ. ಬೇರೆಯದಕ್ಕೆ ಸರಿಸಲು ನೋಡಿದೆ, ಪರದೆ ಜರುಗಲಿಲ್ಲ. ವಿಲ್ಫಿ ಪಕ್ಕದಲ್ಲಿ ಮೂರು ಕಣ್ಣು ತೆರೆದು ವೀಡಿಯೊ ಹಿಡಿದಿದ್ದ. ಜೀವನದಲ್ಲಿ ಮೊದಲ ಬಾರಿಗೆ ನಾನು, ಒತ್ತಬೇಡ ಮಾರಾಯ, ಇವತ್ತೊಂದು ದಿನ ಒತ್ತಬೇಡ ಎಂದು ಆ ಫೋನಿಗೆ ಮನಸ್ಸಿನಲ್ಲೇ ಕೈಮುಗಿದೆ. ಹಾರ್ಟು ಕೆಂಪಾಯಿತು.

ಕೌಂಟರಿನವರು ಕನ್ನಡಕ ಇಳಿಸಿದರು. "ಇದು ನೀವು ಒತ್ತಿದ್ದೋ, ತಾನಾಗಿ ಆದದ್ದೋ? ನಿಮ್ಮ ಹೆಬ್ಬೆರಳು ಅಲ್ಲೇ ಇತ್ತು, ನೀವೇ ಹೇಳಬೇಕು" ಎಂದು ಹಿಂದಿಯಲ್ಲಿ ಕೇಳಿದರು. ವಿಲ್ಫಿ ತನ್ನ ಫೋನನ್ನು ನಿಧಾನ ಕೆಳಗಿಳಿಸಿದ. ನಗುತ್ತಲೇ ಇದ್ದ, ಆದರೆ ಆ ನಗು ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಮುಖದಲ್ಲೇ ನಿಂತಿತ್ತು. "ಮೊದಲಿನದ್ದೆಲ್ಲ ಹೀಗೆಯೇ ಬಿದ್ದದ್ದಾ ಹನೀಫಾ?" ಎಂದ.

ಹೌದು ಎಂದರೆ ಸಾಕು, ಹೊಸ ಫೋನು ಕೈಗೆ. ಮೂರು ವಾರ ಅದಕ್ಕಾಗಿಯೇ ಅಲೆದವನು ನಾನು. ಆದರೆ ನನ್ನ ಬಾಯಿಂದ ಬಂದದ್ದು, "ಹೇ, ಇಲ್ಲ ಮಾರಾಯ. ನಾನೇ ಒತ್ತಿದ್ದು. ಎಲ್ಲ ನಾನೇ ಒತ್ತಿದ್ದು." ಕೌಂಟರಿನವರಿಗೂ ಅದನ್ನೇ ಹಿಂದಿಯಲ್ಲಿ ಹೇಳಿದೆ. ಕೌಂಟರಿನವರು ನನ್ನನ್ನು ದಿಟ್ಟಿಸಿ ನೋಡಿ, "ಇದನ್ನೇ ನಾವು ಮೊದಲ ದಿನದಿಂದ ಹೇಳುತ್ತಿರುವುದು" ಎಂದು, ಫೋನಿನಲ್ಲಿ ಯಾವ ದೋಷವೂ ಇಲ್ಲ ಎಂದು ಬರೆದ ಕಾಗದ ಮುಂದಿಟ್ಟರು. ರುಜು ಹಾಕಿದೆ. "ಮತ್ತೆ ಎಂತಕ್ಕೆ ನನ್ನನ್ನು ಇಲ್ಲಿವರೆಗೆ ಬರಿಸಿದ್ದು ನೀನು?" ಎಂದು ವಿಲ್ಫಿ ನನ್ನ ಬೆನ್ನಿಗೆ ಗುದ್ದಿ, ಬಾಗಿಲ ಹೊರಗೆ ಭುಜಕ್ಕೆ ಕೈ ಹಾಕಿ ಇಬ್ಬರದ್ದೂ ಒಂದು ಫೋಟೋ ತೆಗೆದ.

ಮನೆ ಸೇರುವುದರೊಳಗೆ ಆ ಫೋಟೋ ಹಾಕಿಯಾಗಿತ್ತು. ಅದರಲ್ಲಿ ಅವನು ಚೆನ್ನಾಗಿದ್ದಾನೆ. ನಾನು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ. ಇದಕ್ಕೂ ಫೋನು ಒತ್ತುತ್ತದೆ ಎಂದು ಕಾದೆ. ಒತ್ತಲಿಲ್ಲ. ಚಾ ಕುಡಿದು ಬಂದು ನೋಡಿದೆ, ಇಲ್ಲ. "ನೀವೇ ಒತ್ತಿದರೆ ಬೆರಳು ಸವೆದು ಹೋಗುತ್ತದಾ?" ಎಂದಳು ಮೈಮೂನ. ಸರಿ ಎಂದು ನಾನೇ ಒತ್ತಿದೆ. ಸ್ವಂತ ಹೆಬ್ಬೆರಳು, ಸ್ವಂತ ಮನಸ್ಸು. ಹೇಳಿದರೆ ನಂಬುತ್ತೀರೋ ಇಲ್ಲವೋ, ಒಳಗೆ ಒಂದು ಚೂರೂ ಉರಿಯಲಿಲ್ಲ. ಹಾರ್ಟು ಕೆಂಪಾದ ಮರುಕ್ಷಣವೇ ಆ ದರಿದ್ರ ಫೋನು ಅದರ ಮೇಲೆ ತಾನೂ ಒಮ್ಮೆ ಒತ್ತಿತು. ಹಾರ್ಟು ಹೋಯಿತು.

ಕೂಡಲೇ ವಿಲ್ಫಿಯ ಸಂದೇಶ ಬಂತು: "ಕೊಟ್ಟು ತೆಗೆದದ್ದಾ? ಫೋಟೋದಲ್ಲಿ ನಾನು ಚಂದ ಬಿದ್ದದ್ದಕ್ಕೆ ಹೊಟ್ಟೆಕಿಚ್ಚಾ?" ತೆಗೆದದ್ದು ನಾನಲ್ಲ, ಫೋನು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಫೋನಿನಲ್ಲಿ ದೋಷವಿಲ್ಲ ಎಂದು ಅವನೆದುರೇ ರುಜು ಹಾಕಿದವನು ನಾನು. ಬೇರೆ ದಾರಿ ಕಾಣದೆ, "ಹೌದು ಮಾರಾಯ, ಸ್ವಲ್ಪ" ಎಂದು ಕಳಿಸಿದೆ. ಆ ಮಾತಿಗೆ ಅವನು ಒಂದು ಹಾರ್ಟು ಒತ್ತಿದ. ಅವನ ಫೋನು ಹೊಸತು, ತಾನಾಗಿ ಒತ್ತುವಂಥದ್ದಲ್ಲ, ಒತ್ತಿದವನು ಅವನೇ. ಅಷ್ಟು ಸಲೀಸಾಗಿ ಹೇಗೆ ಒತ್ತುತ್ತಾನೋ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.